ಡಬ್ಬಕ್ಕೆ ಹಸಿರು ಬಣ್ಣ, ಅಜ್ಜಿಯ ಪಿಂಚಣಿಗೆ ಕತ್ತರಿ

ಸ್ವಾತಂತ್ರ್ಯ ಬಂದ ಮೇಲೆ ಮೊದಲು ಏನು ಮಾಡಬೇಕು ಅನ್ನೋ ವಿಷಯದಲ್ಲಿ ಐರ್ಲೆಂಡಿನವರಿಗೆ ಗೊಂದಲವೇ ಇರಲಿಲ್ಲ. ಬಣ್ಣ ಹೊಡೆದರು. 1922ರಲ್ಲಿ ಬ್ರಿಟಿಷರು ಬಿಟ್ಟುಹೋದ ಕೆಂಪು ಅಂಚೆ ಡಬ್ಬಗಳಿಗೆಲ್ಲ ಹಸಿರು ಬಳಿದರು. ಡಬ್ಬ ಎರಕದ ಕಬ್ಬಿಣದ್ದು. ಅದರ ಎದೆಯ ಮೇಲೆ ವಿಕ್ಟೋರಿಯಾ ರಾಣಿಯದೋ ಎಡ್ವರ್ಡ್ ರಾಜನದೋ ಹೆಸರಿನ ಅಕ್ಷರಗಳು, ಕಿರೀಟ, ಎಲ್ಲ ಉಬ್ಬಿಕೊಂಡಿದ್ದವು. ಅದನ್ನು ಯಾರು ಕೆತ್ತುತ್ತಾ ಕೂರ್ತಾರೆ? ಕಿರೀಟಕ್ಕೂ ಅದೇ ಹಸಿರು ಬಳಿದು ಮುಂದಕ್ಕೆ ಹೋದರು. ಡಬ್ಲಿನ್ ಬೀದಿಗಳಲ್ಲಿ ಇವತ್ತಿಗೂ ನೋಡಬಹುದು. ಅಂಚೆ ಚೀಟಿಯದೂ ಇದೇ ಕತೆ. ಐದನೇ ಜಾರ್ಜ್ ದೊರೆಯ ಮುಖ ಹಾಗೇ ಇತ್ತು, ಅದರ ಮೇಲೆ ಹೊಸ ಸರ್ಕಾರದ ಹೆಸರನ್ನು ಐರಿಷ್ ಭಾಷೆಯಲ್ಲಿ ಮಸಿಯಲ್ಲಿ ಒತ್ತಿದ್ದರು. ಕಾಗದ ಬರೆದವನು ಚೀಟಿ ಅಂಟಿಸುವಾಗ ನೆಕ್ಕಬೇಕಾಗಿದ್ದು ಮಾತ್ರ ದೊರೆಯ ಬೆನ್ನನ್ನೇ.

ಬಣ್ಣ ಮುಗಿದ ಮೇಲೆ ಖಜಾನೆ ತೆಗೆದು ನೋಡಿದರು. ಖಾಲಿ. ಬ್ರಿಟಿಷರ ಜೊತೆ ಯುದ್ಧ ಮುಗಿಯಿತು ಅನ್ನೋಷ್ಟರಲ್ಲಿ, ಅವರ ಜೊತೆ ಮಾಡಿಕೊಂಡ ಒಪ್ಪಂದ ಸರಿಯೋ ತಪ್ಪೋ ಅಂತ ತಮ್ಮತಮ್ಮಲ್ಲೇ ಬಡಿದಾಡಿ, ರೈಲು ಹಳಿ ಸೇತುವೆ ಎಲ್ಲ ಹಾಳುಮಾಡಿಕೊಂಡು 1923ರ ಹೊತ್ತಿಗೆ ಸುಸ್ತಾಗಿ ಕೂತಿದ್ದರು. ದುಡ್ಡು ಹೊಂದಿಸಬೇಕಿತ್ತು. ಹಣಕಾಸು ಸಚಿವ ಅರ್ನೆಸ್ಟ್ ಬ್ಲೈತ್ ದೇಶದ ಮೇಲೆಲ್ಲ ಒಂದು ಸುತ್ತು ಕಣ್ಣಾಡಿಸಿ, ಕೊನೆಗೆ ಎಪ್ಪತ್ತು ದಾಟಿದ ಮುದುಕ ಮುದುಕಿಯರನ್ನು ಹಿಡಿದರು. ವಾರಕ್ಕೆ 10 ಶಿಲ್ಲಿಂಗ್ ಇದ್ದ ಪಿಂಚಣಿ 1924ರಲ್ಲಿ 9 ಆಯಿತು.

ಇಲ್ಲಿ ಒಂದು ಸಣ್ಣ ತಮಾಷೆ ಇದೆ. ಆ ಪಿಂಚಣಿಯನ್ನು ಶುರುಮಾಡಿದ್ದು, ಬೆಳೆಸಿ 10ಕ್ಕೆ ತಂದಿದ್ದು ಅದೇ ರಕ್ತ ಹೀರುವ ಪರಕೀಯ ಸರ್ಕಾರ. ಗಡಿಯಾಚೆ, ಬ್ರಿಟಿಷರ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡಿನಲ್ಲಿ ಇನ್ನೂ ದಾಸ್ಯದಲ್ಲಿ ನರಳುತ್ತಿದ್ದ ಅಜ್ಜಿಗೆ 10 ಶಿಲ್ಲಿಂಗ್ ಬರುತ್ತಲೇ ಇತ್ತು. ಈಚೆ ಕಡೆಯ ಅಜ್ಜಿ ಸ್ವತಂತ್ರಳು, ಅದಕ್ಕೆ ಒಂದು ಶಿಲ್ಲಿಂಗ್ ದಂಡ. ಅದೇ ದಶಕದಲ್ಲಿ ಆದಾಯ ತೆರಿಗೆ ಪೌಂಡಿಗೆ (ಅಂದರೆ 20 ಶಿಲ್ಲಿಂಗ್‌ಗೆ) 5 ಶಿಲ್ಲಿಂಗ್‌ನಿಂದ 3ಕ್ಕೆ ಇಳಿಯಿತು. ಅಜ್ಜಿ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ, ಪಾಪ, ಕಟ್ಟಿದ್ದರೆ ಅವಳಿಗೂ ಲಾಭ ಆಗ್ತಿತ್ತು.

ಪಿಂಚಣಿ ಕತ್ತರಿಸಿದ ಅದೇ 1924ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಸಚಿವ ಪ್ಯಾಟ್ರಿಕ್ ಮೆಕ್‌ಗಿಲಿಗನ್ ಸಂಸತ್ತಿನಲ್ಲಿ ಎದ್ದುನಿಂತು, ನಮ್ಮ ಹತ್ತಿರ ಇರೋ ದುಡ್ಡು ಇಷ್ಟೇ, ಈ ದೇಶದಲ್ಲಿ ಜನ ಸಾಯಬೇಕಾಗಬಹುದು, ಹಸಿವಿನಿಂದಲೇ ಸಾಯಬೇಕಾಗಬಹುದು ಅಂದುಬಿಟ್ಟರು. ಆಲೂಗಡ್ಡೆ ಕ್ಷಾಮದಲ್ಲಿ ಹತ್ತು ಲಕ್ಷ ಜನರನ್ನು ಕಳಕೊಂಡ, ಅದಕ್ಕೆ ಬ್ರಿಟಿಷರೇ ಕಾರಣ ಅಂತ ಬೈದು ಬೈದೇ ಸ್ವಾತಂತ್ರ್ಯ ತಂದುಕೊಂಡ ದೇಶದಲ್ಲಿ ಈ ಮಾತು! ನಮ್ಮ ಕಡೆ ಮಂತ್ರಿಗಳು ಇಷ್ಟು ನೇರ ಅಲ್ಲ, ಒಂದು ಸಮಿತಿ ಮಾಡಿ ಅದರ ಬಾಯಲ್ಲಿ ಹೇಳಿಸ್ತಾರೆ. ಇನ್ನೊಬ್ಬ ಸಚಿವ ಕೆವಿನ್ ಒ'ಹಿಗಿನ್ಸ್ ಮೊದಲೇ ಒಪ್ಪಿಕೊಂಡಿದ್ದರು, ಕ್ರಾಂತಿ ಮಾಡಿ ಗೆದ್ದವರಲ್ಲೇ ನಮ್ಮಷ್ಟು ಸಂಪ್ರದಾಯಸ್ಥರು ಯಾರೂ ಇಲ್ಲ ಅಂತ.

ಇನ್ನು ನಾಣ್ಯದ ವಿಷಯಕ್ಕೆ ಬರೋಣ. ಸ್ವಂತ ದೇಶ ಅಂದಮೇಲೆ ಸ್ವಂತ ದುಡ್ಡು ಬೇಡ್ವಾ? ಕವಿ ಯೇಟ್ಸ್ ಅವರನ್ನೇ ಕೂರಿಸಿ ನಾಣ್ಯ ಸಮಿತಿ ಮಾಡಿದರು. ದೊರೆ ಬೇಡ, ನಾಯಕರೂ ಬೇಡ, ಪ್ರಾಣಿಗಳಿರಲಿ ಅಂತ ತೀರ್ಮಾನ. ಕುದುರೆ, ಮೀನು, ಹೋರಿ, ಬೇಟೆನಾಯಿ, ಮೊಲ, ಮರಿಗಳ ಜೊತೆ ಕೋಳಿ, ಮರಿಗಳ ಜೊತೆ ಹಂದಿ. ತುಂಬ ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಚಿತ್ರ ಬರೆದವರು ಪರ್ಸಿ ಮೆಟ್‌ಕಾಫ್, ಇಂಗ್ಲಿಷರು. ಟಂಕಿಸಿದ್ದು ಲಂಡನ್ನಿನ ರಾಯಲ್ ಮಿಂಟ್. ಇಷ್ಟಾದರೂ ಹಂದಿಯ ವಿಷಯದಲ್ಲಿ ಮಾತ್ರ ಐರ್ಲೆಂಡ್ ತನ್ನ ಸಾರ್ವಭೌಮತ್ವ ಬಿಟ್ಟುಕೊಡಲಿಲ್ಲ. ಕೃಷಿ ಇಲಾಖೆಯವರು ಬಂದು, ಈ ಹಂದಿಯ ಆಕಾರ ಸರಿಯಿಲ್ಲ, ಮಾರುಕಟ್ಟೆಯಲ್ಲಿ ಈಗ ಬೇಡಿಕೆ ಇರೋದು ಇಂಥದ್ದಕ್ಕಲ್ಲ ಅಂದರು. ಹಂದಿಯನ್ನು ತಿದ್ದಲಾಯಿತು. ಯೇಟ್ಸ್ ನಿಟ್ಟುಸಿರು ಬಿಟ್ಟರು. ಹಂದಿ ಕೆನ್ನೆ ಮಾಂಸದ ಮಾರುಕಟ್ಟೆ ಸ್ಥಿತಿ ನೋಡಿದರೆ ಹಳೇ ಚಿತ್ರ ಇಟ್ಟುಕೊಳ್ಳೋಕೆ ಆಗುತ್ತಿರಲಿಲ್ಲ ಅಂತ ಅವರೇ ಬರೆದಿದ್ದಾರೆ. ಅಷ್ಟೆಲ್ಲ ಚರ್ಚೆಯಾಗಿ ಹೊರಬಂದ ಆ ಹಂದಿ ಇದ್ದಿದ್ದು ಅರ್ಧ ಪೆನ್ನಿಯ ಮೇಲೆ.

ನೋಟು ಇನ್ನೂ ಮಜವಾಗಿತ್ತು. 1928ರ ನೋಟಿನ ಮೇಲೆ ಸೆರಗು ಹೊದ್ದ ಐರಿಷ್ ಹೆಣ್ಣುಮಗಳ ಚಿತ್ರ, ಭಾರತಮಾತೆ ಇದ್ದಹಾಗೆ ಐರ್ಲೆಂಡ್ ಮಾತೆ. ಚಿತ್ರಕ್ಕೆ ಕೂತವರು ಹೇಜಲ್ ಲೇವರಿ, ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಅಚ್ಚಾಗಿದ್ದು ಲಂಡನ್ನಿನಲ್ಲಿ. ಅದೇ ನೋಟಿನ ಮೇಲೆ ಸ್ಪಷ್ಟವಾಗಿ ಮುದ್ರಿಸಿದ್ದರು: ಕೇಳಿದಾಗ ಲಂಡನ್ನಿನಲ್ಲಿ ಸ್ಟರ್ಲಿಂಗ್ ಕೊಡಲಾಗುವುದು. ಅಂದರೆ ಐರಿಷ್ ಪೌಂಡು ಅನ್ನೋದು ಹಸಿರು ಬಳಿದ ಇಂಗ್ಲಿಷ್ ಪೌಂಡು. ಒಂದಕ್ಕೆ ಒಂದು. ಬಡ್ಡಿ ದರ ಲಂಡನ್ ಹೇಳಿದಷ್ಟು, ಬೆಲೆ ಲಂಡನ್ ಇಟ್ಟಷ್ಟು. 1979ರವರೆಗೂ ಈ ಗಂಟು ಬಿಚ್ಚಲಿಲ್ಲ. ಕೇಂದ್ರ ಬ್ಯಾಂಕ್ ಶುರುವಾಗಿದ್ದೇ 1943ರಲ್ಲಿ. ಅದಕ್ಕೂ ಆತುರ ಏನಿತ್ತು ಹೇಳಿ?

ಭಾಷೆಯ ವಿಷಯದಲ್ಲಿ ಆತುರ ಇತ್ತು. ಶಾಲೆಗಳಲ್ಲಿ ಐರಿಷ್ ಕಡ್ಡಾಯ ಮಾಡಿದರು. ಮಾಡಬೇಕಾದ್ದೇ. ಆದರೆ ಕಲಿಸಬೇಕಾದ ಮೇಷ್ಟ್ರುಗಳಲ್ಲೇ ಎಷ್ಟೋ ಜನರಿಗೆ ಐರಿಷ್ ಬರುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಕಲಿತು ಬನ್ನಿ ಅಂದರು. ಜೊತೆಗೆ 1923ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಸಂಬಳದಲ್ಲಿ ನೂರಕ್ಕೆ ಹತ್ತು ಕಡಿತ, ಉತ್ಸಾಹ ಬರಲಿ ಅಂತ. (ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರೇ ಅಲ್ವಾ, ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದ ಹುಡುಗ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದಿದ್ದು? ಕಸಿನ್ಸ್ ತಾವು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಸಲಹೆ ನಮಗಂತೂ ಲಾಭ ತಂತು.)

ಹೊಟ್ಟೆಗೆ ಹಾಕೋದು ಕಷ್ಟವಾದಾಗ ಸರ್ಕಾರಗಳಿಗೆ ಜನರ ಶೀಲದ ನೆನಪಾಗುತ್ತೆ. ಸಿನಿಮಾ ಸೆನ್ಸಾರ್ 1923ರಲ್ಲೇ ಬಂತು, ಪುಸ್ತಕ ಸೆನ್ಸಾರ್ 1929ರಲ್ಲಿ. ನಾಟ್ಯಮಂದಿರಗಳಿಗೆ ಲೈಸೆನ್ಸ್ 1935ರಲ್ಲಿ. ವಿಚ್ಛೇದನ ಬೇಡವೇ ಬೇಡ. ಮದುವೆಯಾದ ಹೆಂಗಸಿಗೆ ಸರ್ಕಾರಿ ನೌಕರಿಯೂ ಬೇಡ, ಆ ನಿಯಮ ತೆಗೆದಿದ್ದು 1973ರಲ್ಲಿ. 1927ರ ಮದ್ಯದ ಕಾಯ್ದೆ ಮಾತ್ರ ಸ್ವಲ್ಪ ವಿವರವಾಗಿ ನೋಡುವಂಥದ್ದು. ಅದರ ಪ್ರಕಾರ ಡಬ್ಲಿನ್ನಿನಲ್ಲಿ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆವರೆಗೆ ಪಬ್ ಬಂದ್, ಜನ ಎದ್ದು ಕೆಲಸಕ್ಕೆ ಹೋಗಲಿ ಅಂತ. ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ಪೂರ್ತಿ ಬಂದ್. ಇಡೀ ಜಗತ್ತಿನಲ್ಲಿ ಐರಿಷರು ಕುಡಿದು ಕುಣಿಯುವ ಆ ದಿನ ಐರ್ಲೆಂಡಿನಲ್ಲಿ ಮಾತ್ರ ಒಣಗಂಟಲು. ಒಂದೇ ಒಂದು ಕಡೆ ಸಿಗುತ್ತಿತ್ತು: ರಾಯಲ್ ಡಬ್ಲಿನ್ ಸೊಸೈಟಿಯ ನಾಯಿ ಪ್ರದರ್ಶನದಲ್ಲಿ. ಅಲ್ಲಿಂದ ಮೂರು ದಶಕ ಡಬ್ಲಿನ್ನಿನ ಗಂಡಸರಿಗೆ ವರ್ಷಕ್ಕೊಂದು ದಿನ ನಾಯಿಗಳ ಮೇಲೆ ಉಕ್ಕಿದ ಪ್ರೀತಿ ಇದೆಯಲ್ಲ, ಬರೆದು ಮುಗಿಯಲ್ಲ. ಯಾವ ನಾಯಿ ಗೆದ್ದಿತು ಅಂತ ಕೇಳಿದರೆ ಎಷ್ಟು ಜನ ಹೇಳ್ತಿದ್ದರೋ.

1932ರಲ್ಲಿ ಡೆ ವಲೆರಾ ಸರ್ಕಾರದ ಮುಖ್ಯಸ್ಥರಾಗಿ ಬಂದರು. ಇನ್ನು ನಿಜವಾದ ಸ್ವಾತಂತ್ರ್ಯ ಅಂದರು. ಹಿಂದೆ ಜಮೀನ್ದಾರರಿಂದ ಭೂಮಿ ಕೊಳ್ಳಲು ರೈತರಿಗೆ ಬ್ರಿಟಿಷ್ ಸರ್ಕಾರ ಸಾಲ ಕೊಟ್ಟಿತ್ತು. ಅದರ ಕಂತು ವರ್ಷವರ್ಷ ಲಂಡನ್ನಿಗೆ ಹೋಗುತ್ತಿತ್ತು. ನಮ್ಮದೇ ಭೂಮಿ ನಮಗೆ ಕೊಟ್ಟಿದ್ದಕ್ಕೆ ಕಂತು ಯಾಕೆ ಅಂತ ಡೆ ವಲೆರಾ ನಿಲ್ಲಿಸಿಬಿಟ್ಟರು. ರೈತರು ಕುಣಿದಾಡಬೇಕು ಅಲ್ವಾ? ತಡೀರಿ. ಲಂಡನ್ನಿಗೆ ಕಳಿಸೋದು ನಿಂತಿತೇ ಹೊರತು ರೈತನಿಂದ ವಸೂಲಿ ನಿಲ್ಲಲಿಲ್ಲ. 1933ರಲ್ಲಿ ಅರ್ಧ ಮಾಡಿದರು, ಆ ಅರ್ಧ ಡಬ್ಲಿನ್ ಖಜಾನೆಗೆ. ಅತ್ತ ಬ್ರಿಟನ್ ಸುಮ್ಮನಿರುತ್ತಾ? ಐರಿಷ್ ದನಗಳ ಮೇಲೆ ನೂರಕ್ಕೆ 20ರ ಸುಂಕ ಹಾಕಿ ಬರಬೇಕಾದ್ದನ್ನು ಹಾಗೆ ವಸೂಲು ಮಾಡಿಕೊಂಡಿತು. ರಫ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗುತ್ತಿದ್ದುದು ಬ್ರಿಟನ್ನಿಗೇ. ಹೀಗಾಗಿ ರೈತ ಎರಡೂ ಸರ್ಕಾರಕ್ಕೆ ಕಟ್ಟಿದ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತೀವಿ, ಇಲ್ಲಿ ಕೂಸಿನ ಚರ್ಮವನ್ನೇ ಸುಲಿದರು. ದನ ಕೊಳ್ಳುವವರಿಲ್ಲ, ಕರು ಸಾಕಿ ಏನು ಮಾಡೋದು? ಕರುವಿನ ಚರ್ಮ ತಂದುಕೊಟ್ಟರೆ 10 ಶಿಲ್ಲಿಂಗ್ ಅಂತ 1934ರಲ್ಲಿ ಸರ್ಕಾರವೇ ಹೇಳಿತು. ಸುಮಾರು 2 ಲಕ್ಷ ಕರುಗಳನ್ನು ಕೊಂದರು. ಸತ್ತ ಕರುವಿನ ಚರ್ಮಕ್ಕೆ 10, ಬದುಕಿದ್ದ ಅಜ್ಜಿಗೆ ಹತ್ತು ವರ್ಷದ ಹಿಂದೆ ಕೊಟ್ಟಿದ್ದು 9. ಇಂಗ್ಲಿಷರದ್ದೆಲ್ಲ ಸುಡಿ, ಅವರ ಕಲ್ಲಿದ್ದಲೊಂದನ್ನು ಬಿಟ್ಟು ಅನ್ನೋ ಹಳೇ ಘೋಷಣೆ ಆಗ ಮತ್ತೆ ಗೋಡೆ ಹತ್ತಿತ್ತು. 1935ರಲ್ಲಿ ಅದನ್ನು ತಿರುವುಮುರುವು ಮಾಡಿ, ನಿಮ್ಮ ಕಲ್ಲಿದ್ದಲು ಕೊಳ್ತೀವಿ, ನಮ್ಮ ದನ ಸ್ವಲ್ಪ ಜಾಸ್ತಿ ತಗೊಳ್ಳಿ ಅಂತ ಒಪ್ಪಂದ ಮಾಡಿಕೊಂಡರು. 1936ರಲ್ಲಿ ಡಬ್ಲಿನ್ನಿನ ಬಿಯರ್ ಕಂಪನಿ ಗಿನ್ನೆಸ್‌ನವರು ಸುಂಕದ ಸಹವಾಸವೇ ಬೇಡ ಅಂತ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲೇ ಭಟ್ಟಿ ಹಾಕಿದರು. 1938ರಲ್ಲಿ ಒಂದು ಕೋಟಿ ಪೌಂಡು ಒಮ್ಮೆಗೇ ಕೊಟ್ಟು ಕಂತಿನ ಜಗಳ ಮುಗಿಸಿದರು. ಡೆ ವಲೆರಾ ಗೆದ್ದರು ಅಂತಲೇ ಹೇಳಬೇಕು, ಬಾಕಿ ಇದ್ದಿದ್ದಕ್ಕೆ ಹೋಲಿಸಿದರೆ ಅಗ್ಗ. ರೈತ ಮಾತ್ರ ಅರ್ಧ ಕಂತು ಕಟ್ಟುತ್ತಲೇ ಇದ್ದ.

1943ರ ಪ್ಯಾಟ್ರಿಕ್ ಹಬ್ಬಕ್ಕೆ ಡೆ ವಲೆರಾ ರೇಡಿಯೋದಲ್ಲಿ, ಮಿತವಾದ ಸುಖದಲ್ಲಿ ತೃಪ್ತರಾದ ಜನ, ಬೆಚ್ಚನೆ ಮನೆಗಳು, ನಗುವ ಹುಡುಗಿಯರು ಅಂತ ತಮ್ಮ ಕನಸಿನ ಐರ್ಲೆಂಡನ್ನು ಬಣ್ಣಿಸಿದರು. ಆ ಹುಡುಗಿಯರು ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಹುಡುಕುತ್ತಾ ಹಡಗು ಹತ್ತುತ್ತಿದ್ದರು. 1950ರ ದಶಕ ಒಂದರಲ್ಲೇ ಸುಮಾರು 4 ಲಕ್ಷ ಜನ ದೇಶ ಬಿಟ್ಟರು, ಜಾಸ್ತಿ ಪಾಲು ಬ್ರಿಟನ್ನಿಗೆ. ಹೋದವರು ಊರಿಗೆ ಮನಿಯಾರ್ಡರ್ ಕಳಿಸಿದರು, ಅದರಲ್ಲೇ ಎಷ್ಟೋ ಮನೆಗಳ ಒಲೆ ಉರಿಯಿತು. ಅಲ್ಲಿ ಒಂದು ಪೌಂಡು ಕಟ್ಟಿದರೆ ಇಲ್ಲಿ ಸರಿಯಾಗಿ ಒಂದು ಪೌಂಡು, ವಿನಿಮಯ ದರದ ತಲೆನೋವೇ ಇಲ್ಲ. ನೋಟನ್ನು ಲಂಡನ್ನಿಗೆ ಕಟ್ಟಿಹಾಕಿದ್ದಕ್ಕೆ ಸುಮ್ನೆ ಬೈದೆ ನೋಡಿ, ಅವರು ದೂರದ ಯೋಚನೆ ಮಾಡಿದ್ದರು.