ಆಷಾಢದ ಗಾಳಿಗೆ ಎದೆಯೊಡ್ಡಿದ ಹೈಬ್ರಿಡ್ ಸೈಕಲ್

ಕಲಬುರಗಿ ಸೀಮೆಯಲ್ಲಿ ಹೈಬ್ರಿಡ್ ಸೈಕಲ್ ಮೇಲೆ ದೂರ ಹೋಗಬೇಕೆನ್ನುವವರಿಗೆ ತೊಡೆಯ ಬಲಕ್ಕಿಂತ ಮೊದಲು ಉತ್ತರ ಕೊಡುವ ತಾಳ್ಮೆ ಬೇಕು. ರೋಡ್ ಬೈಕ್ ಎಂಬ ತೆಳು ಟಯರಿನ ವೇಗದ ಸೈಕಲ್ಲಿನವರು ಗಂಟೆಗೆ ಮೂವತ್ತು ಕಿಲೋಮೀಟರಿನ ಹತ್ತಿರ ಸರ್ರನೆ ಹೋಗಿಬಿಡುತ್ತಾರೆ, ಅವರನ್ನು ಯಾರೂ ಮಾತಾಡಿಸಲಾರರು. ಹೈಬ್ರಿಡ್ಡಿನ ವೇಗ ಹದಿನೆಂಟು, ಜೋರೆಂದರೆ ಇಪ್ಪತ್ತು. ಮೋಟರ್ ಸೈಕಲ್ಲಿನವರು ಎರಡನೇ ಗೇರಿಗೆ ಇಳಿಸಿಕೊಂಡು, ಪಕ್ಕದಲ್ಲೇ ಬರುತ್ತ, ಸಾವಕಾಶವಾಗಿ ವಿಚಾರಣೆ ನಡೆಸಲು ಇದಕ್ಕಿಂತ ಅನುಕೂಲದ ವೇಗ ಇನ್ನೊಂದಿಲ್ಲ.

"ಎಲ್ಲಿಗಿ ಹೊಂಟೀರಿ ಸರ?"

"ಬೀದರಕ."

"ಯಾಕ್ರೀ, ಬಸ್ ಸಿಗಲಿಲ್ಲೇನು?"

ಅಲ್ಲಿಂದ ಗೇರ್ ಎಷ್ಟವ, ಎಷ್ಟಕ್ಕ ತಗೊಂಡ್ರಿ. ಬೆಲೆ ಹೇಳಿದ ಕೂಡಲೇ ಒಂದು ನಿಟ್ಟುಸಿರು. "ಇದ್ರಾಗ ಸೆಕೆಂಡ್ ಹ್ಯಾಂಡ್ ಗಾಡಿನೇ ಬರ್ತಿತ್ತಲ್ರಿ" ಎಂದು ಕನಿಕರದಿಂದ ನೋಡಿ, ಹೊಗೆ ಬಿಟ್ಟು ಮುಂದೆ ಹೋಗುತ್ತಾರೆ. ಈಗ ನಾನು ಅರ್ಧ ಬೆಲೆ ಹೇಳುತ್ತೇನೆ. ಅದಕ್ಕೂ ಅದೇ ನಿಟ್ಟುಸಿರು.

ಈ ಸೈಕಲ್ಲಿನ ಹುಟ್ಟೇ ಒಂದು ರಾಜಿ ಪಂಚಾಯಿತಿ. ಗಾಲಿಯ ಅಳತೆ ರೋಡ್ ಬೈಕಿನ 700ಸಿ, ಹ್ಯಾಂಡಲ್ ಗುಡ್ಡದ ದಾರಿಗೆ ಮಾಡಿದ ಮೌಂಟೇನ್ ಬೈಕಿನಂಥದು, ಅಡ್ಡಕ್ಕೆ ನೆಟ್ಟಗೆ. ರೋಡ್ ಬೈಕಿನ ಟಯರ್ 25-28 ಮಿಲಿಮೀಟರ್ ಅಗಲವಿದ್ದರೆ ಇದರದ್ದು 35ರಿಂದ 40. ತೂಕ ಹನ್ನೆರಡು ಕೆಜಿ ದಾಟುತ್ತದೆ. ನಮ್ಮ ರಿಂಗ್ ರಸ್ತೆಯ ತಗ್ಗುಗಳಿಗೆ ಇದಕ್ಕಿಂತ ಒಳ್ಳೆಯ ವಾಹನ ಇಲ್ಲವೆಂದು ಯಾರ ಎದುರಿಗೂ ವಾದಿಸಲು ನಾನು ತಯಾರು. ದೂರಕ್ಕೂ ಆಗುವುದಿಲ್ಲ ಎನ್ನುವಂತಿಲ್ಲ. ಬಿಆರ್‌ಎಂ ಎಂಬ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಭಾಗಿಸಿ ನೋಡಿದರೆ ಗಂಟೆಗೆ ಹದಿನೈದು ಕೂಡ ಬರುವುದಿಲ್ಲ. ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ 1200 ಕಿ.ಮೀ. ಓಟ 1891ರಲ್ಲಿ ಮೊದಲ ಸಲ ನಡೆದಾಗ ಶಾರ್ಲ್ ತೆರೋಂ ಎಂಬಾತ ಗೇರ್ ಬದಲಿಸುವ ಸೌಕರ್ಯವೇ ಇಲ್ಲದ ಸೈಕಲ್ ತುಳಿದು 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿದ್ದ. ಅವನನ್ನು ಪಕ್ಕದಲ್ಲಿ ಬಂದು ರೇಟ್ ಕೇಳಿದವರು ಇರಲಿಕ್ಕಿಲ್ಲ.

ನನ್ನ ಜೊತೆ ಬರುವ ಗೆಳೆಯನದ್ದು ರೋಡ್ ಬೈಕ್. ಅವನು ಒಳ್ಳೆಯವನು. ಮುಂದೆ ಹೋಗಿ ಚಾದ ಹೋಟೆಲಿನಲ್ಲಿ ನನಗಾಗಿ ಕಾಯುತ್ತಾನೆ, ಅದೇ ತೊಂದರೆ. ನಾನು ಏದುಸಿರು ಬಿಡುತ್ತ ಮುಟ್ಟುವ ಹೊತ್ತಿಗೆ ಅವನ ಚಾ ಆಗಿರುತ್ತದೆ, ಮಿರ್ಚಿ ಆಗಿರುತ್ತದೆ, ಪೇಪರ್ ಓದಿ ಮಡಿಚಿಟ್ಟಿರುತ್ತಾನೆ. ನಾನು ಒಂದು ಕಾಲು ಕೆಳಗಿಡುವುದಕ್ಕೂ ಅವನು ಹೆಲ್ಮೆಟ್ ಬಿಗಿದು "ಭಾಳ ತಡಾ ಮಾಡಿದಿ, ನಡಿ ಹೋಗಾಮು" ಎನ್ನುವುದಕ್ಕೂ ಸರಿಹೋಗುತ್ತದೆ. ವೇಗವಾಗಿ ಹೋಗುವವನಿಗೇ ವಿಶ್ರಾಂತಿ ಹೆಚ್ಚು. ನಿಧಾನದವನು ದಿನವಿಡೀ ತುಳಿಯುತ್ತಲೇ ಇರಬೇಕು.

ಆಷಾಢದಲ್ಲಿ ಬೀದರಿಗೆ ಹೊರಟದ್ದು ಅವನ ಜೊತೆಗೇ. ಹುಮನಾಬಾದ್ ಮೇಲಿಂದ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ರಸ್ತೆಯ ಎರಡೂ ಕಡೆ ಎರೆಹೊಲ, ಮೊಳಕಾಲುದ್ದದ ಹೆಸರು, ಆಗ ತಾನೇ ಎದ್ದ ತೊಗರಿ ಸಸಿ. ಕಮಲಾಪುರದ ಹತ್ತಿರ ಹಿಂದಿನ ಗಾಲಿ ಮೆತ್ತಗಾಯಿತು. ಕೆಂಪು ಬಾಳೆಗೆ ಹೆಸರಾದ ಊರು, ನನಗೆ ಸಿಕ್ಕಿದ್ದು ನೆಗ್ಗಿಲ ಮುಳ್ಳು.

ಹೈಬ್ರಿಡ್ಡಿನ ಒಂದು ಪುಣ್ಯವೆಂದರೆ ಅದರ ಟ್ಯೂಬಿಗೆ ಸಾಮಾನ್ಯವಾಗಿ ಮೋಟರ್ ಸೈಕಲ್ಲಿನ ವಾಲ್ ಇರುತ್ತದೆ. ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ಗೆಳೆಯನ ಸಣ್ಣ ಮೂತಿಯ ವಾಲ್ ಕಂಡರೆ ಅಂಗಡಿಯವರು ಕೈ ಮುಗಿಯುತ್ತಾರೆ. ಹುಡುಗ ನೀರಿನ ಬುಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕಿ, ಪ್ಯಾಚ್ ಹಚ್ಚಿ, ಕಂಪ್ರೆಸರ್ ಪೈಪ್ ಹಿಡಿದು ಕೇಳಿದ:

"ಎಷ್ಟು ಹಾಕಲ್ರಿ?"

"ಎಪ್ಪತ್ತು."

ಅವನು ಪೈಪ್ ಕೆಳಗಿಟ್ಟ. "ಬುಲೆಟ್ ಗಾಡಿಗೇ ಮೂವತ್ತು ಹಾಕ್ತೀವ್ರಿ. ಸೈಕಲ್ಲಿಗಿ ಎಪ್ಪತ್ತಾ? ನಮ್ಮ ಅಂಗಡಿ ಮುಂದ ಬ್ಯಾಡ್ರಿ."

ಟಯರಿನ ಪಕ್ಕದಲ್ಲಿ ಅಚ್ಚಾದ ಅಂಕಿ ತೋರಿಸಿದೆ. ಅದು ಟಯರಿನ ನಂಬರ್ ಎಂದ. ಕಡೆಗೆ ನನ್ನ ಜವಾಬ್ದಾರಿಯ ಮೇಲೆ, ಸುತ್ತ ನಿಂತಿದ್ದ ಸಣ್ಣ ಹುಡುಗರನ್ನು ಹಿಂದಕ್ಕೆ ಸರಿಸಿ, ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಈ ಕಡೆ ಚಾಚಿ ಗಾಳಿ ಹಾಕಿದ. ಏನೂ ಹೊಡೆಯಲಿಲ್ಲ. ಹುಡುಗರಿಗೆ ಬಹಳ ನಿರಾಸೆಯಾಯಿತು.

ಅಷ್ಟರಲ್ಲಿ ಪಕ್ಕದ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರ ದೃಷ್ಟಿ ನನ್ನ ಚಡ್ಡಿಯ ಮೇಲೆ ಬಿದ್ದಿತ್ತು. ಹೈಬ್ರಿಡ್ಡಿಗೆ ಕಂಪನಿಯವರೇ ಅಗಲವಾದ ಮೆತ್ತನೆ ಸೀಟು ಕೊಟ್ಟಿರುತ್ತಾರೆ. ಹತ್ತು ಕಿಲೋಮೀಟರಿಗೆ ಅದು ಸುಖ. ಐವತ್ತು ದಾಟಿದ ಮೇಲೆ ಆ ಮೆತ್ತನೆಯೇ ತೊಡೆಗೆ ಉಜ್ಜಿ ಉಜ್ಜಿ ಚರ್ಮ ಕೀಳುತ್ತದೆ. ಅದಕ್ಕೆಂದು ಒಳಗೆ ದಪ್ಪ ಪ್ಯಾಡ್ ಹೊಲಿದ ಬಿಗಿ ಚಡ್ಡಿ ಹಾಕುವುದು. ಕುಳಿತಾಗ ಗೊತ್ತಾಗದು, ಇಳಿದು ನಡೆದಾಗ ಊರಿಗೇ ಗೊತ್ತಾಗುತ್ತದೆ.

"ತಮ್ಮಾ, ಶುಗರ್ ಅದ ಏನೋ? ಡಾಕ್ಟ್ರು ಹೇಳ್ಯಾರೇನು ಸೈಕಲ್ ಹೊಡಿ ಅಂತ?" ಎಂದರು, ತಗ್ಗಿದ ದನಿಯಲ್ಲಿ. ಹೌದೆಂದು ತಲೆಯಾಡಿಸಿದರೆ ಮಾತು ಬೇಗ ಮುಗಿಯುತ್ತದೆಂದು ತಲೆಯಾಡಿಸಿದೆ. ಮುಗಿಯಲಿಲ್ಲ. ಬೇವಿನ ಚಿಗುರು, ಮೆಂತ್ಯದ ನೀರು, ಜೋಳದ ರೊಟ್ಟಿಯ ಪಥ್ಯವನ್ನೆಲ್ಲ ಕೇಳಿಸಿಕೊಂಡೇ ಹೊರಡಬೇಕಾಯಿತು.

ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸು, ಬೀದರ್ 650ಕ್ಕೂ ಮೇಲೆ. ಒಟ್ಟಿನಲ್ಲಿ ಏರುವ ದಾರಿಯೇ. ಆದರೂ ಹುಮನಾಬಾದ್ ಆದಮೇಲೆ ನಾನು ಇಪ್ಪತ್ತೈದರ ಮೇಲೆ ಹೊಡೆಯುತ್ತಿದ್ದೆ. ಗೆಳೆಯನೇ ಹಿಂದಿರುಗಿ ನೋಡಿ ಗಾಬರಿಯಾದ. ಸಂಜೆ ಕೆಂಪು ನೆಲ ಕಾಣಿಸಿ, ಬೀದರ್ ಮುಟ್ಟಿ, ಮಹಮೂದ್ ಗಾವಾನನ ಮದರಸಾದ ಎದುರು ಫೋಟೋ ತೆಗೆಸಿಕೊಂಡಾಗ ನನ್ನ ಮುಖದಲ್ಲಿ ಬಹಮನಿ ಸುಲ್ತಾನರ ಕಳೆ ಇತ್ತು. ರೋಡ್ ಬೈಕ್ ಎಂಬುದೆಲ್ಲ ಶೋಕಿ, ತುಳಿಯುವವನ ಮೇಲೆ ಅದ ಎಂದು ರಾತ್ರಿ ಊಟದಲ್ಲಿ ಗೆಳೆಯನಿಗೆ ಭಾಷಣವನ್ನೂ ಮಾಡಿದೆ. ಅವನು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದ.

ಆಷಾಢದ ಗಾಳಿ ನೈಋತ್ಯದಿಂದ ಬೀಸುತ್ತದೆ. ಬೀದರ್ ಇರುವುದು ಕಲಬುರಗಿಯ ಈಶಾನ್ಯಕ್ಕೆ. ಮರುದಿನ ಮುಂಜಾನೆ ಸೈಕಲ್ ಕಲಬುರಗಿ ಕಡೆ ತಿರುಗಿಸಿದ ಕೂಡಲೇ ಭೂಗೋಳದ ಪಾಠ ಎದೆಗೇ ಬಡಿಯಿತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಇಪ್ಪತ್ತರಲ್ಲಿ ಹೋಗುವವನಿಗೆ ಎದುರಿನಿಂದ ಇಪ್ಪತ್ತರ ಗಾಳಿ ಬಂದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ರೋಡ್ ಬೈಕಿನವನು ಬಾಗಿದ ಹ್ಯಾಂಡಲ್ ಹಿಡಿದು ಗಾಳಿಯ ಕೆಳಗೆ ನುಸುಳುತ್ತಾನೆ. ಹೈಬ್ರಿಡ್ಡಿನಲ್ಲಿ ನೆಟ್ಟಗೆ ಕೂರಬೇಕು, ಅಂಗಿಯೊಳಗೆಲ್ಲ ಗಾಳಿ ತುಂಬಿಸಿಕೊಂಡು. ಇಳಿಜಾರಿನಲ್ಲೂ ತುಳಿಯಬೇಕಾಗಿ ಬಂತು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ಬೀದರ್ ಕಡೆ ಹೋಗುವವರಿಗೆ. ಬರುವವರಿಗೆ ಏನೂ ಹೇಳಿ ಹೋಗಿಲ್ಲ. ಚಳಿಗಾಲದಲ್ಲಿ ಹೋಗಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು: ಆಗ ಗಾಳಿ ಆ ಕಡೆಯಿಂದ ಬರುತ್ತದೆ, ಜೊತೆಗೆ ಬೀದರಿನ ಥಂಡಿ.

ನೆಟ್ಟನೆಯ ಹ್ಯಾಂಡಲ್ಲಿನ ಇನ್ನೊಂದು ಕಾಣಿಕೆ ಕೈ ಜೋಮು. ರೋಡ್ ಬೈಕಿನ ಬಾಗಿದ ಹ್ಯಾಂಡಲ್ ಇದ್ದರೆ ಹಿಡಿತ ಬದಲಿಸಲು ಮೂರು ಜಾಗ. ಇಲ್ಲಿ ಒಂದೇ. ಅಂಗೈಯ ಕಿರುಬೆರಳ ಕಡೆಯ ನರ ಒತ್ತಿ ಒತ್ತಿ ಎರಡು ಬೆರಳು ಇವೆಯೋ ಇಲ್ಲವೋ ಎಂದು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಆಗಾಗ ಕೈ ಎತ್ತಿ ಝಾಡಿಸುವುದೊಂದೇ ಮದ್ದು. ಝಾಡಿಸಿದಾಗಲೆಲ್ಲ ಎದುರಿನ ಲಾರಿಯವರು ತಿರುಗಿ ಕೈ ಬೀಸಿದರು. ಒಬ್ಬ ಹಣ್ಣಿನ ಗಾಡಿಯವನು ನಿಲ್ಲಿಸಿ, ಎಷ್ಟು ಕೆಜಿ ಎಂದು ಕೇಳಿದ.

ಕಮಲಾಪುರ ದಾಟಿ ಮತ್ತೊಮ್ಮೆ ಝಾಡಿಸಿದಾಗ ಹಿಂದಿನಿಂದ ಬಂದ ಟಂಟಂ ಆಟೊ ನಿಂತಿತು.

"ಎಲ್ಲಿಗ್ರಿ?"

ಬೇಡ ಎನ್ನಲು ಬಾಯಿ ತೆರೆದರೆ ಗಾಳಿ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. "ಮಹಾಗಾಂವ ಕ್ರಾಸ್ ತನಕ" ಎಂದೆ.

"ನಿಮಗ ಇಪ್ಪತ್ತು. ಸೈಕಲ್ಲಿಗಿ ನಲವತ್ತು."

"ಯಾಕಪ್ಪಾ, ಅದಕ್ಕ ಡಬಲ್?"

"ನೀವು ಕುಂತು ಬರ್ತೀರಿ. ಅದು ಮಲಕ್ಕೊಂಡು ಬರ್ತದ."

ಸ್ವಲ್ಪ ದೂರ ಹೋದ ಮೇಲೆ ಗೆಳೆಯ ಕಂಡ. ತಲೆ ತಗ್ಗಿಸಿ, ಹ್ಯಾಂಡಲ್ಲಿನ ಬಾಗಿದ ತುದಿ ಹಿಡಿದು, ಜೀವ ಬಿಟ್ಟು ತುಳಿಯುತ್ತಿದ್ದ. ಆ ಭಂಗಿಯಲ್ಲಿ ರಸ್ತೆಯ ಬಿಳಿ ಗೆರೆ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

"ನಿಮ್ಮ ಜೋಡಿಯವರೇನ್ರಿ? ಅವರಿಗೂ ಹತ್ತಿಸ್ಕೊಳ್ಳಲ್ಯಾ?" ಎಂದ ಟಂಟಂನವನು.

"ಬ್ಯಾಡ. ಅವರಿಗಿ ಡಾಕ್ಟ್ರು ಹೇಳ್ಯಾರ."

ಕ್ರಾಸಿನಲ್ಲಿ ಇಳಿದು ಸೈಕಲ್ ಗೋಡೆಗೆ ಒರಗಿಸಿದೆ. ಚಾ ಆಯಿತು, ಎರಡು ಪ್ಲೇಟ್ ಮಿರ್ಚಿ ಆಯಿತು, ಪೇಪರ್ ಓದಿ ಮಡಿಚಿಟ್ಟೆ. ಅವನು ಬಂದು, ನನ್ನನ್ನು ನೋಡಿ, ಬಾಯಿ ತೆರೆದುಕೊಂಡೇ ಒಂದು ಕಾಲು ಕೆಳಗಿಟ್ಟ. ನಾನು ಹೆಲ್ಮೆಟ್ ಬಿಗಿದೆ.

"ಭಾಳ ತಡಾ ಮಾಡಿದಿ," ಎಂದೆ. "ನಡಿ, ಹೋಗಾಮು."