ಟಾಪ್‌ರೋಪ್ ಕಲಿಯುವವರು ಮೊದಲು ಆಂಕರ್ ಕಲಿಯಲಿ

ಗಾಡಿ ನಿಲ್ಲಿಸಿ ಸ್ವಲ್ಪ ನಡೆದರೆ ಬಂಡೆಯ ಬುಡ. ಪಕ್ಕದ ಕಾಲುದಾರಿ ಹಿಡಿದರೆ ನೆತ್ತಿ, ಅಲ್ಲಿಂದ ಕಣ್ಣು ಹಾಯುವಷ್ಟೂ ಬೆಟ್ಟಸಾಲು. ಟಾಪ್‌ರೋಪ್ (ನೆತ್ತಿಯಿಂದ ಬರುವ ಹಗ್ಗದ ಆಸರೆಯಲ್ಲಿ ಬಂಡೆ ಹತ್ತುವುದು) ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ತಲುಪುವುದು ಸುಲಭ ಎಂಬ ಕಾರಣಕ್ಕೇ ಇಂಥ ಕಡೆ ಆಂಕರ್, ಅಂದರೆ ಹಗ್ಗವನ್ನು ನೆತ್ತಿಯಲ್ಲಿ ಹಿಡಿದಿಡುವ ವ್ಯವಸ್ಥೆ, ಕಟ್ಟುವ ಕೆಲಸ ಅವಸರದಲ್ಲಿ ಮುಗಿದುಹೋಗುತ್ತದೆ. "ಹಗ್ಗ ಮೇಲಿಂದ ತಾನೇ ಬರೋದು, ಕೈ ಜಾರಿದ್ರೂ ಏನಾಗಲ್ಲ ಬಿಡಿ" ಎನ್ನುವವರು ಎಲ್ಲ ಕಡೆ ಇದ್ದಾರೆ. ಅದು ಅರ್ಧ ಮಾತ್ರ ನಿಜ. ಬೀಳುವ ದೂರ ಕಡಿಮೆ, ಒಪ್ಪೋಣ. ಆದರೆ ಹತ್ತುವವರ ಜೀವ ನಿಂತಿರುವುದು ನೆತ್ತಿಯಲ್ಲಿರುವ ಒಂದೇ ಒಂದು ವ್ಯವಸ್ಥೆಯ ಮೇಲೆ, ಅದೋ ಕೆಳಗೆ ನಿಂತವರಿಗೆ ಸರಿಯಾಗಿ ಕಾಣುವುದೂ ಇಲ್ಲ. ಹಿಡಿತ, ಕಾಲಿಡುವ ಬಗೆ, ಶೂ ಇವೆಲ್ಲ ಆಮೇಲೆ ಬರಲಿ. ಟಾಪ್‌ರೋಪ್‌ಗೆ ಇಳಿಯುವವರು ಮೊದಲು ಆಂಕರ್ ನೋಡಿ ಅದರ ತಪ್ಪು ಗುರುತಿಸುವಷ್ಟಾದರೂ ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ನೋಡಿ. ಹಗ್ಗದ ಒಂದು ತುದಿಯಲ್ಲಿ ಹತ್ತುವವರು ನೇತಾಡುತ್ತಿದ್ದರೆ ಇನ್ನೊಂದು ಕಡೆ ಬಿಲೇ ಮಾಡುವವರು, ಅಂದರೆ ಕೆಳಗೆ ನಿಂತು ಹಗ್ಗ ನಿಯಂತ್ರಿಸುವವರು, ಅವರನ್ನು ಹಿಡಿದಿರುತ್ತಾರೆ. ಎರಡೂ ಎಳೆತ ಆಂಕರ್ ಮೇಲೆಯೇ ಬೀಳುವುದರಿಂದ ಅಲ್ಲಿ ಹತ್ತುವವರ ತೂಕಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚಿನ ಭಾರವಿರುತ್ತದೆ, ಜಾರಿದಾಗ ಇನ್ನಷ್ಟು. ಹಾಗಿದ್ದರೂ ಪ್ರಮಾಣೀಕೃತ ಕ್ಯಾರಬೈನರ್ (ತೆರೆದು ಮುಚ್ಚುವ ಗೇಟ್ ಇರುವ ಲೋಹದ ಕೊಂಡಿ) ಉದ್ದಕ್ಕೆ ಎಳೆದಾಗ 20 ಕಿಲೋನ್ಯೂಟನ್, ಹೊಲಿದ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) 22 ಕಿಲೋನ್ಯೂಟನ್ ತಾಳಬೇಕೆಂಬ ನಿಯಮವಿದೆ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕೆಜಿ ಭಾರ. ಅಂದಮೇಲೆ ಚಿಂತೆ ಮಾಡಬೇಕಾದ್ದು ಸಾಮಾನು ಮುರಿಯುವುದರ ಬಗ್ಗೆ ಅಲ್ಲ, ಅದನ್ನು ಜೋಡಿಸಿದ ರೀತಿಯ ಬಗ್ಗೆ. ಅದೇ ಕ್ಯಾರಬೈನರ್ ಅಡ್ಡ ತಿರುಗಿ ಭಾರ ಹೊತ್ತರೆ ಅಥವಾ ಅದರ ಗೇಟ್ ತೆರೆದುಕೊಂಡರೆ ಬಲ 7 ಕಿಲೋನ್ಯೂಟನ್ ಆಸುಪಾಸಿಗೆ ಇಳಿಯುತ್ತದೆ.

ಆಂಕರ್‌ಗೆ ಒಂದನ್ನೊಂದು ಅವಲಂಬಿಸದ ಕನಿಷ್ಠ ಎರಡು ಆಧಾರ ಬೇಕು. ಬಂಡೆಯಲ್ಲಿ ಕೂರಿಸಿದ ಬೋಲ್ಟ್ ಇದ್ದರೆ ಅದರ ಹ್ಯಾಂಗರ್ (ಕ್ಯಾರಬೈನರ್ ಸಿಕ್ಕಿಸುವ ಲೋಹದ ತಗಡು) ಹಿಡಿದು ಅಲ್ಲಾಡಿಸಿ ನೋಡಿ. ಅದು ಗಿರಗಿರನೆ ತಿರುಗಿದರೆ, ನಟ್ ಸಡಿಲವಿದ್ದರೆ, ತುಕ್ಕು ಒಳಗಿಳಿದಿದ್ದರೆ ಅಥವಾ ಸುತ್ತಲಿನ ಕಲ್ಲು ಬಿರಿದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರವಾದರೆ ಹಸಿರಾಗಿರಬೇಕು, ತೊಡೆಯಷ್ಟಾದರೂ ದಪ್ಪವಿರಬೇಕು, ಬೇರು ಮಣ್ಣಿನ ಆಳಕ್ಕೆ ಹೋಗಿರಬೇಕು. ಬಂಡೆಯ ಮೇಲಿನ ಒಂದು ಗೇಣು ಮಣ್ಣಿನಲ್ಲಿ ನಿಂತ ಮರ ಎಷ್ಟೇ ದಪ್ಪ ಕಂಡರೂ ಬೇಡ. ಆಧಾರಗಳಿಂದ ಬರುವ ಎರಡು ಎಳೆಗಳ ನಡುವಿನ ಕೋನ 60 ಡಿಗ್ರಿಯೊಳಗೆ ಇರಲಿ. 60ರಲ್ಲಿ ಪ್ರತಿ ಆಧಾರಕ್ಕೆ ಭಾರದ ಶೇಕಡಾ 58 ಹೋಗುತ್ತದೆ, 90ರಲ್ಲಿ 71, 120ರಲ್ಲಿ ಪೂರ್ತಿ 100. ಅಷ್ಟು ಅಗಲಿಸಿದರೆ ಎರಡು ಆಧಾರ ಹಾಕಿಯೂ ಹಂಚಿಕೆಯ ಲಾಭ ಸೊನ್ನೆ. ದೂರದೂರದ ಎರಡು ಮರಗಳ ನಡುವೆ ಗಿಡ್ಡ ಸ್ಲಿಂಗ್ ಬಿಗಿಯಾಗಿ ಎಳೆದು ಕಟ್ಟಿದಾಗ ಆಗುವುದು ಇದೇ.

ಮರಗಳು ಅಂಚಿನಿಂದ ಹಿಂದಕ್ಕಿದ್ದರೆ 10ರಿಂದ 11 ಮಿಲಿಮೀಟರ್ ದಪ್ಪದ ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ) ಹಗ್ಗ ಬಳಸಿ, 20 ಮೀಟರ್ ಇದ್ದರೆ ಹೆಚ್ಚಿನ ಕಡೆ ಸಾಕಾಗುತ್ತದೆ. ಒಂದು ಮರಕ್ಕೆ ಬೋಲೈನ್ (ಜಾರಿ ಬಿಗಿಯದ ಕುಣಿಕೆಯ) ಗಂಟು ಹಾಕಿ, ಉಳಿದ ತುದಿಗೆ ಕಾವಲು ಗಂಟು ಬಿಗಿಯಿರಿ. ಹಗ್ಗವನ್ನು ಅಂಚಿಗೆ ತಂದು, ಮಡಚಿ ಎರಡು ಕುಣಿಕೆ ಬರುವ ಹಾಗೆ ದೊಡ್ಡ ಗಂಟು ಹಾಕಿ, ಎರಡನೇ ಎಳೆಯನ್ನು ಇನ್ನೊಂದು ಮರಕ್ಕೆ ಒಯ್ದು ಉದ್ದ ಸರಿಹೊಂದಿಸಿ ಕಟ್ಟಿ. ಆ ಎರಡು ಕುಣಿಕೆಗೆ ಎರಡು ಲಾಕಿಂಗ್ ಕ್ಯಾರಬೈನರ್, ಗೇಟುಗಳು ವಿರುದ್ಧ ದಿಕ್ಕಿಗೆ. ಹತ್ತುವ ಹಗ್ಗ ಹಾಯುವುದು ಈ ಕ್ಯಾರಬೈನರ್‌ಗಳ ಒಳಗೆ ಮಾತ್ರ. ಅದನ್ನು ನೇರವಾಗಿ ಸ್ಲಿಂಗ್ ಒಳಗೆ ತೂರಿಸುವುದು ಕೊಲೆಗೆ ಸಮ. ನೈಲಾನ್ ಮೇಲೆ ನೈಲಾನ್ ಉಜ್ಜಿ ಹುಟ್ಟುವ ಬಿಸಿಗೆ, ಒಬ್ಬರನ್ನು ಕೆಳಗಿಳಿಸುವಷ್ಟರಲ್ಲೇ ಸ್ಲಿಂಗ್ ಕರಗಿ ತುಂಡಾಗಬಹುದು.

ಅಂಚಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾರಬೈನರ್‌ಗಳು ಅಂಚು ದಾಟಿ ಒಂದು ಮೊಳದಷ್ಟು ಕೆಳಗೆ ತೂಗಬೇಕು. ಅಂಚಿನ ಮೇಲೆಯೇ ಮಲಗಿದರೆ ಕಲ್ಲು ಗೇಟನ್ನು ಒತ್ತುತ್ತದೆ, ಲಾಕಿನ ತಿರುಪನ್ನು ಉಜ್ಜಿ ಬಿಚ್ಚುತ್ತದೆ, ಹತ್ತುವ ಹಗ್ಗವೂ ಕಲ್ಲಿಗೆ ಉಜ್ಜುತ್ತದೆ. ಸ್ಟ್ಯಾಟಿಕ್ ಹಗ್ಗ ಅಂಚಿಗೆ ತಾಗುವಲ್ಲಿ ದಪ್ಪ ಕ್ಯಾನ್ವಾಸ್ ತೋಳೋ ಸೀಳಿದ ಪೈಪಿನ ತುಂಡೋ ಹಾಕಿ, ಜಾರಿಹೋಗದಂತೆ ಅದನ್ನೂ ಕಟ್ಟಿ. ಭಾರ ಬಿದ್ದ ಹಗ್ಗಕ್ಕೆ ಚೂಪು ಕಲ್ಲು ಗರಗಸವಿದ್ದಂತೆ. ಇಷ್ಟೂ ಕೆಲಸ ಮಾಡುವವರು ಬೇರೊಂದು ಹಗ್ಗದಲ್ಲಿ ತಮ್ಮನ್ನು ಮರಕ್ಕೆ ಕಟ್ಟಿಕೊಂಡಿರಲೇಬೇಕು. ಟಾಪ್‌ರೋಪ್ ದಿನದ ಅತ್ಯಂತ ಅಪಾಯದ ಗಳಿಗೆ ಹತ್ತುವಾಗಿನದಲ್ಲ, ಹಗ್ಗವಿಲ್ಲದೆ ಅಂಚಿನಲ್ಲಿ ಬಗ್ಗಿ ಕೆಳಗೆ ನೋಡುವಾಗಿನದು.

ಹಗ್ಗದ ಉದ್ದ ಬಂಡೆಯ ಎತ್ತರದ ಎರಡರಷ್ಟು ಇದ್ದರೆ ಸಾಲದು, ಮೇಲೆ ಕೆಲವು ಮೀಟರ್ ಬೇಕು. 60 ಮೀಟರ್ ಹಗ್ಗಕ್ಕೆ 30 ಮೀಟರ್ ಬಂಡೆ ಎಂಬುದು ಕಾಗದದ ಲೆಕ್ಕ, 26-27 ಮೀಟರಿಗೆ ನಿಲ್ಲಿಸುವುದು ಒಳ್ಳೆಯದು. ಎರಡೂ ತುದಿ ನೆಲ ಮುಟ್ಟಿದ್ದನ್ನು ಕೆಳಗಿನವರು ಕೂಗಿ ಹೇಳಲಿ, ಬಿಲೇ ಕಡೆಯ ತುದಿಗೆ ಗಂಟಿರಲಿ. ಆ ಗಂಟಿಲ್ಲದಿದ್ದರೆ ಹತ್ತಿದವರನ್ನು ಇಳಿಸುತ್ತಿರುವಾಗಲೇ ತುದಿ ಬಿಲೇ ಸಾಧನದಿಂದ (ಹಗ್ಗ ತಡೆಯುವ ಉಪಕರಣದಿಂದ) ಜಾರಿಹೋಗಬಹುದು.

ಹೊಸಬರಿಗೆ ಯಾರೂ ಹೇಳದ ಸಂಗತಿ ಹಗ್ಗದ ಹಿಗ್ಗು. ಹತ್ತಲು ಬಳಸುವ ಡೈನಾಮಿಕ್ ಹಗ್ಗ 80 ಕೆಜಿ ತೂಗುಹಾಕಿದರೆ ಶೇಕಡಾ 10ರವರೆಗೆ ಹಿಗ್ಗಬಹುದು ಎಂದು ಮಾನದಂಡವೇ ಒಪ್ಪುತ್ತದೆ. 25 ಮೀಟರ್ ಬಂಡೆಯ ಬುಡದಲ್ಲಿ ನಿಂತಾಗ ನಡುವೆ 50 ಮೀಟರ್ ಹಗ್ಗವಿರುತ್ತದೆ. ಎರಡಾಳೆತ್ತರಕ್ಕೆ ಹೋಗಿ ಕೈ ಬಿಟ್ಟರೆ, ಬಿಲೇ ಎಷ್ಟೇ ಚುರುಕಾಗಿದ್ದರೂ ಕಾಲು ನೆಲಕ್ಕೆ ಬಡಿಯಬಹುದು. ಹಾಗಾಗಿ ಶುರುವಿನ ಕೆಲವು ಮೀಟರ್ ಹಗ್ಗ ಬಿಗಿಯಾಗಿರಲಿ, ಹತ್ತುವವರ ಸೊಂಟ ಸ್ವಲ್ಪ ಮೇಲೆಳೆದಂತಾದರೂ ಚಿಂತೆಯಿಲ್ಲ. ಸಡಿಲ ಬಿಡುವ ಧಾರಾಳ ಮೇಲೆ ಹೋದಮೇಲೆ ನೋಡೋಣ.

ಬಿಲೇ ಮಾಡುವವರು ಗೋಡೆಗೆ ಹತ್ತಿರ ನಿಲ್ಲಬೇಕು, ಆದರೆ ಹತ್ತುವವರ ನೇರ ಕೆಳಗಲ್ಲ. ಹತ್ತು ಹೆಜ್ಜೆ ಹಿಂದೆ ನಿಂತು ನೋಟ ಸವಿಯುವವರನ್ನು, ಜಾರಿದ ಕ್ಷಣ ಹಗ್ಗ ಮುಂದಕ್ಕೆ ದರದರನೆ ಎಳೆಯುತ್ತದೆ. ಬ್ರೇಕ್ ಕೈ, ಅಂದರೆ ಹಗ್ಗ ತಡೆಯುವ ಕೈ, ಹಗ್ಗ ಬಿಡುವಂತಿಲ್ಲ: ಎಳೆದುಕೊಳ್ಳಿ, ಬ್ರೇಕ್ ಕೈಯನ್ನು ಕೆಳಗಿಳಿಸಿ, ಇನ್ನೊಂದು ಕೈಯಿಂದ ಅದರ ಕೆಳಗೆ ಹಗ್ಗ ಹಿಡಿದು, ಬ್ರೇಕ್ ಕೈಯನ್ನು ಹಗ್ಗದ ಮೇಲೆಯೇ ಮೇಲಕ್ಕೆ ಸರಿಸಿ. ಗ್ರಿಗ್ರಿಯಂಥ ತಾನಾಗಿ ಕಚ್ಚಿಹಿಡಿಯುವ ಸಾಧನವಿದ್ದರೂ ಇದೇ ಕ್ರಮ. ಹತ್ತುವವರು ಬಹಳ ಭಾರದವರಾದರೆ ಬಿಲೇಯವರನ್ನು ನೆಲದ ಆಧಾರಕ್ಕೆ ಕಟ್ಟಿ.

ಗಂಟಿನ ವಿಷಯದಲ್ಲಿ ಅನುಭವ ಯಾರನ್ನೂ ಕಾಪಾಡುವುದಿಲ್ಲ. ಜಗತ್ತಿನ ಶ್ರೇಷ್ಠ ಆರೋಹಿಗಳಲ್ಲಿ ಒಬ್ಬರಾದ ಲಿನ್ ಹಿಲ್ 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಹಗ್ಗವನ್ನು ಸೊಂಟ-ತೊಡೆಗೆ ಕಟ್ಟಿಕೊಳ್ಳುವ ಪಟ್ಟಿಯಾದ ಹಾರ್ನೆಸ್‌ಗೆ ತೂರಿಸಿ, ಗಂಟು ಪೂರ್ತಿ ಮಾಡದೆ ಹತ್ತಿದರು. ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟಾಗ 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದು, ಮರದ ಕೊಂಬೆಗಳು ತಡೆದದ್ದರಿಂದ ಬದುಕಿದರು. ಗಂಟು ಹಾಕುತ್ತಿರುವವರನ್ನು ಮಾತಾಡಿಸಬೇಡಿ. ಎಂಟಂಕಿಯ ಗಂಟು ಹಾರ್ನೆಸ್‌ನ ಮೇಲಿನ, ಕೆಳಗಿನ ಎರಡೂ ಕುಣಿಕೆಯಲ್ಲಿ ಹಾಯ್ದಿದೆಯೇ, ಎಳೆಗಳು ಜೋಡಿಜೋಡಿಯಾಗಿ ಕೂತಿವೆಯೇ, ತುದಿ ಕನಿಷ್ಠ ಒಂದು ಗೇಣಿನಷ್ಟು ಹೊರಗಿದೆಯೇ ಎಂದು ಬಿಲೇ ಮಾಡುವವರು ಕೈಯಲ್ಲಿ ಮುಟ್ಟಿ ನೋಡಲಿ. ಹತ್ತುವವರು ಅವರ ಸಾಧನ, ಲಾಕ್, ಬಕಲ್ ನೋಡಲಿ. ಪ್ರತಿ ಸರದಿಗೂ.

ಆಂಕರ್ ನೀವು ಹತ್ತುವ ದಾರಿಯ ನೇರ ಮೇಲಿರಬೇಕು. ಪಕ್ಕಕ್ಕಿದ್ದರೆ ಜಾರಿದಾಗ ತೂಗಿ ಹೋಗಿ ಮೂಲೆಗೆ ಬಡಿಯುತ್ತೀರಿ. ಹೆಲ್ಮೆಟ್ ಕೆಳಗೆ ನಿಂತವರಿಗೂ ಬೇಕು, ಏಕೆಂದರೆ ಸುಲಭ ದಾರಿಯಿರುವ ನೆತ್ತಿಗೆ ಫೋಟೋ ತೆಗೆಯುವವರೂ ಬರುತ್ತಾರೆ, ಅವರ ಕಾಲಿಗೆ ಸಿಕ್ಕ ಕಲ್ಲು ಕೆಳಗೇ ಬರುತ್ತದೆ. ಗುಡುಗು ಕೇಳಿಸಿದರೆ ಇಳಿದುಬಿಡಿ. ಮರಳುಗಲ್ಲಿನ ಬಂಡೆಯಾದರೆ ಮಳೆ ನಿಂತ ಮೇಲೂ ಒಳಗಿನ ತೇವ ಆರುವವರೆಗೆ ಕಾಯಿರಿ, ಒದ್ದೆಯಲ್ಲಿ ಅದರ ಹಿಡಿಗಳು ಮುರಿಯುತ್ತವೆ.

ಇನ್ನೊಂದು ಮಾತು, ಬೋಲ್ಟ್‌ಗಳಿಗೆ ಜೋಡಿಸಿರುವ ಉಂಗುರಗಳ ಬಗ್ಗೆ. ಗುಂಪಾಗಿ ಬಂದವರು ದಿನವಿಡೀ ಅವುಗಳಲ್ಲೇ ಹಗ್ಗ ಹಾಯಿಸಿ ಒಬ್ಬೊಬ್ಬರನ್ನೇ ಇಳಿಸುವುದು ಸರಿಯಲ್ಲ. ಮಣ್ಣು ಮೆತ್ತಿದ ಹಗ್ಗ ಲೋಹವನ್ನು ತೇಯುತ್ತದೆ, ಮುಂದಿನವರಿಗೆ ಅರ್ಧ ಸವೆದ ಉಂಗುರ ಸಿಗುತ್ತದೆ. ನಿಮ್ಮದೇ ಕ್ಯಾರಬೈನರ್ ಹಾಕಿ ಸವೆಸಿ. ಆಂಕರ್ ಬಿಚ್ಚಲು ಹೋದ ಕೊನೆಯವರು ಕಾಲುದಾರಿಯಲ್ಲೇ ನಡೆದು ಬರಬಹುದು, ದಾರಿ ಇಲ್ಲದಿದ್ದರೆ ಮಾತ್ರ ಉಂಗುರ ಬಳಸಲಿ. ಊಟಕ್ಕೆ ಕೂತಾಗ ಹಗ್ಗ ಇಳಿಸಿ, ಆ ದಾರಿಯನ್ನು ಕಾಯುತ್ತಿರುವವರಿಗೆ ಬಿಟ್ಟುಕೊಡಿ. ಅವರು ನಿಮ್ಮ ಆಂಕರ್‌ನಲ್ಲೇ ಹತ್ತುತ್ತೇವೆ ಎಂದರೆ, ಮೊದಲು ಅವರನ್ನು ನೆತ್ತಿಗೆ ಕರೆದೊಯ್ದು ಅದನ್ನು ತೋರಿಸಿ.