ಕಿವಿ ನಂದು, ಫೋನು ಅಪ್ಪಯ್ಯಂದು

ಈ ಇಯರ್‌ಬಡ್‌ಗಳಿಗೆ ನಿಯತ್ತು ಅನ್ನೋದೇ ಇಲ್ಲ ಮಾರಾಯ್ರೇ. ದುಡ್ಡು ಕೊಟ್ಟು ತಂದವಳು ನಾನು, ಡಬ್ಬಿ ತೆಗೆದ ಕೂಡಲೇ ಹೋಗಿ ಅಂಟಿಕೊಳ್ಳೋದು ಜಗಲಿಯಲ್ಲಿ ಕೂತ ಅಪ್ಪಯ್ಯನ ಫೋನಿಗೆ. ಯಾವತ್ತೋ ತಾಳಮದ್ದಲೆ ಕೇಳಲಿ ಅಂತ ಜೋಡಿಸಿಕೊಟ್ಟಿದ್ದೆ, ಅಷ್ಟೇ. ಈಗ ಆಫೀಸಿನ ಮೀಟಿಂಗಿಗೆ ಕೂತರೆ ಕಿವಿಯೊಳಗೆ ಕೌರವನ ಅಬ್ಬರ! ಅತ್ತ ಅಪ್ಪಯ್ಯ "ಕೂಸೇ, ಇದ್ರ ದನಿನೇ ಬರ್ತಿಲ್ಲೆ" ಅಂತ ಫೋನು ಕುಟ್ಟುತ್ತಾ ಇರ್ತಾರೆ. ಬ್ಲೂಟೂತ್ ಸುಮಾರು 10 ಮೀಟರ್ ಮುಟ್ಟುತ್ತದಂತೆ. ಜಗಲಿಗೂ ನಡುಮನೆಗೂ ಅಷ್ಟು ದೂರ ಎಲ್ಲಿದೆ?

ಬಿಡಿಸಬೇಕೆಂದರೆ ಅವರ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಹೆಸರು ಅಳಿಸಿ, ಡಬ್ಬಿಯ ಗುಂಡಿ ಒತ್ತಿ ಹಿಡಿದು, ದೀಪ ಮಿಣುಕುವ ತನಕ ಕಾಯಬೇಕು. ಎಷ್ಟು ಹೊತ್ತು ಒತ್ತಬೇಕೋ, ಒಂದೊಂದು ಕಂಪನಿಗೆ ಒಂದೊಂದು ಶಾಸ್ತ್ರ. ಎರಡು ಫೋನಿಗೂ ಒಟ್ಟಿಗೇ ಸೇರುವ ಮಲ್ಟಿಪಾಯಿಂಟ್ ಇದ್ದದ್ದು ತಗೊಳ್ಳಬೇಕಿತ್ತಂತೆ. ಶಿರಸಿ ಪೇಟೆಯ ಅಂಗಡಿಯವ ಇದನ್ನು ಈಗ ಹೇಳ್ತಾನೆ.

ಅಂತೂ ಸಿಕ್ಕಿತು ಅನ್ನುವಷ್ಟರಲ್ಲಿ ಆಯಿ ಹಲಸಿನ ಹಪ್ಪಳ ಸುಡೋಕೆ ಮೈಕ್ರೋವೇವ್ ಹಾಕ್ತಾಳೆ. ಅದರ ಅಲೆಯೂ ಬ್ಲೂಟೂತಿನ ಅಲೆಯೂ ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನವೇ, ಒಂದಕ್ಕೊಂದು ಅಡ್ಡ ಬಂದು ದನಿ ತುಂಡುತುಂಡು. ತಂತಿಯದ್ದೇ ಹಾಕಿಕೊಳ್ಳೋಣ ಅಂದರೆ ಹೊಸ ಫೋನಿಗೆ 3.5 ಎಂಎಂ ತೂತೇ ಇಲ್ಲ.